ಅಣ್ಣನ ಸಾಣೆಕಲ್ಲು

ಕ್ಷೌರದ ಕತ್ತಿ ನನ್ನ ಗಂಟಲ ಮೇಲಿತ್ತು.

ಉಗುಳು ನುಂಗಿದರೂ ಕೊಯ್ಯುತ್ತದೆ. ಅಷ್ಟು ಹತ್ತಿರ...

ನೀವು ನಗಬೇಡಿ. ನಿಮ್ಮನ್ನೂ ಹಳೇ ಸಲೂನ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿಸಿ ಕೈಕಾಲು ಬಿಗಿದಿದ್ದರೆ ಗೊತ್ತಾಗುತ್ತಿತ್ತು. ಕತ್ತಿ ಹಿಡಿದವನು ಗೂಳಿ. ಹೆಸರಿಗೆ ತಕ್ಕ ಕುತ್ತಿಗೆ. ಪಕ್ಕದಲ್ಲಿದ್ದವನು ಅವನ ಧಣಿ, ಹಳೇ ಸಾಮಾನಿನ ವ್ಯಾಪಾರಿ. ಮೈಮೇಲೆ ಬಕೆಟ್‌ಗಟ್ಟಲೆ ಸೆಂಟು ಸುರಿದುಕೊಳ್ಳುವುದರಿಂದ ಎಲ್ಲರೂ ಅವನನ್ನು ಅತ್ತರು ಅನ್ನುತ್ತಾರೆ.

"ಗೋಡೌನಿಗೆ ನುಗ್ಗಿದ್ದು ಯಾಕೆ?" ಅಂದ ಅತ್ತರು.

"ನಿಮ್ಮ ಸೆಂಟಿನ ವಾಸನೆ ಹಿಡ್ಕೊಂಡು ಬಂದೆ."

ಗೂಳಿ ಕತ್ತಿ ಒತ್ತಿದ.

"ಸರಿ, ಸರಿ... ನಮ್ಮ ಅತ್ತಿಗೆ ಕಲ್ಲು ತಗೊಂಡು ಹೋಗೋಕೆ ಬಂದೆ."

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಈ ಸಲ ನಮ್ಮ ಮನೆಯದೇ ಕಳೆದಿತ್ತು. ಅಣ್ಣ ಸಲೂನ್ ನಡೆಸುತ್ತಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಕತ್ತಿ ಹಿಡಿದರು. ಹೆಂಗಸಿನ ಕೈಗೆ ಯಾರು ಗಡ್ಡ ಕೊಡುತ್ತಾರೆ ಅಂದವರೇ ಆಮೇಲೆ ಸಾಲಾಗಿ ಬಂದು ಕೂತರು. ಕೈ ಅಂಥದ್ದು. ಆ ಕೈಗೆ ಜೊತೆಯಾಗಿದ್ದದ್ದು ಅಣ್ಣನ ಸಾಣೆಕಲ್ಲು. ಯಾವುದೋ ಕಾಲದಲ್ಲಿ ಗಣಿಯಿಂದ ಕಡಿದು ತಂದ ನಿಜವಾದ ಕಲ್ಲು. ಮೇಲೆ ಹಳದಿ ಪದರ, ಕೆಳಗೆ ಕಡುನೀಲಿ. ಈಗ ಹುಡುಕಿದರೂ ಸಿಗುವುದಿಲ್ಲ.

ಫೋಟೋ ತೆಗೆದು ವಾಪಸ್ ಕೊಡುತ್ತೇನೆ ಅಂತ ಅತ್ತರು ಅದನ್ನು ಒಯ್ದ. ವಾಪಸ್ ಕೊಟ್ಟಿದ್ದು ನಕಲಿ. ಅವತ್ತಿನಿಂದ ಅತ್ತಿಗೆಯ ಕತ್ತಿ ಕೂದಲನ್ನು ಕತ್ತರಿಸುವ ಬದಲು ಕೀಳತೊಡಗಿತು. ಗಿರಾಕಿಗಳ ಕಣ್ಣಲ್ಲಿ ನೀರು. ಅತ್ತಿಗೆ ಕರೆಸಿ ಕೇಳಿದರೆ, ಈ ಮಹಾನುಭಾವ ತುಂಬಿದ ಸಲೂನಿನಲ್ಲಿ ನಿಂತು ಏನಂದ ಗೊತ್ತೇ?

"ಕಲ್ಲು ಅದೇ ಅಮ್ಮ. ಕೆಟ್ಟಿರೋದು ನಿಮ್ಮ ಕೈ."

ಒಬ್ಬೊಬ್ಬರಾಗಿ ಗಿರಾಕಿಗಳು ಎದುರಿನ ಸಲೂನಿಗೆ ನಡೆದರು. ಅತ್ತಿಗೆ ಅಳಲಿಲ್ಲ. ಅಳದೆ ಇದ್ದದ್ದೇ ನನಗೆ ಹೊಟ್ಟೆ ಉರಿಸಿತು.

ಅತ್ತರು ನನ್ನೆದುರು ಮೇಜಿನ ಮೇಲೆ ಮೂರು ಕಲ್ಲು ಜೋಡಿಸಿದ. ಮೂರೂ ಹಳದಿ-ನೀಲಿ. ಮೂರೂ ಪಳಪಳ.

"ಇದರಲ್ಲಿ ಅಸಲಿ ಯಾವುದು ಹೇಳು."

"ಯಾಕೆ, ನಿಮಗೇ ಗೊತ್ತಿಲ್ವಾ?"

ಅತ್ತರು ಗೂಳಿಯನ್ನು ದುರುಗುಟ್ಟಿ ನೋಡಿದ. ಗೂಳಿ ನೆಲ ನೋಡಿದ.

"ಹೊಳೀಲಿ ಅಂತ ಎಲ್ಲಕ್ಕೂ ಎಣ್ಣೆ ಹಚ್ಚಿದೆ ಧಣಿ... ಅಂಟಿಸಿದ್ದ ಚೀಟಿ ಉದುರಿಹೋಯ್ತು."

ನಕಲಿ ಮಾಡಿಸಿದವನಿಗೇ ಅಸಲಿ ಸಿಗುತ್ತಿಲ್ಲ! ನಗು ಉಕ್ಕಿ ಬಂತು. ಗಂಟಲ ಮೇಲೆ ಕತ್ತಿ ಇದ್ದದ್ದರಿಂದ ನುಂಗಿಕೊಂಡೆ.

"ಕೊಳ್ಳೋಕೆ ಡಾಕ್ಟರ್ ಬರ್ತಿದ್ದಾರೆ," ಅಂದ ಅತ್ತರು. "ಹಳೇ ಕತ್ತಿ, ಸಾಣೆಕಲ್ಲು ಕೂಡಿಡೋ ಹುಚ್ಚು ಅವರಿಗೆ. ಕಲ್ಲು ಬಲ್ಲವರು. ನೀನು ಮಸೆದು ನೋಡಿ ಆರಿಸು. ಅದೇ ಕತ್ತೀಲಿ ನಿನ್ನ ಗಂಟಲಿಗೇ ಶೇವ್. ಸುಳ್ಳು ಹೇಳಿದ್ರೆ ಮೊದಲು ನಿನಗೇ ಗೊತ್ತಾಗುತ್ತೆ."

ಕೈ ಬಿಚ್ಚಿದರು.

"ಬಿಸಿನೀರು, ಸೋಪು ತರಿಸಿ," ಅಂದೆ. ಎಣ್ಣೆ ಕುಡಿದ ಕಲ್ಲು ಯಾವ ಗುಟ್ಟೂ ಬಿಡುವುದಿಲ್ಲ.

ಮೂರನ್ನೂ ತಿಕ್ಕಿ ತೊಳೆದೆ. ಮೊದಲನೆಯದಕ್ಕೆ ನೀರು ಬಿದ್ದ ಕೂಡಲೇ ಹೊಸ ಮನೆಯ ಗೋಡೆಯ ವಾಸನೆ. ಎತ್ತಿ ನೆಲಕ್ಕೆ ಕುಕ್ಕಿದೆ. ಎರಡು ಹೋಳಾಯಿತು. ಒಳಗೆ ಸಿಮೆಂಟು, ಮರಳು.

"ನಕಲಿ."

ಅತ್ತರು ತಲೆಯಾಡಿಸಿದ. ನಂಬಿಕೆ ಬಂದಿತ್ತು.

ಎರಡನೆಯದು. ನೀರು ಹಾಕಿ ಸಣ್ಣ ಕಲ್ಚೂರಿನಿಂದ ಉಜ್ಜಿದೆ. ತೆಳು ಹಾಲಿನಂಥ ನೀರು ಬಂತು. ಬೆರಳಿಗೆ ಒಂದು ಕಣ ಮರಳು ತಾಗಲಿಲ್ಲ. ಹಳದಿ ಪದರ ನೀಲಿಯೊಳಗೆ ಎಲ್ಲಿ ಇಳಿದಿದೆ, ಎಲ್ಲಿ ನಿಂತಿದೆ ಹೇಳಲು ಆಗದ ಹಾಗೆ ಬೆಸೆದಿತ್ತು. ಕತ್ತಿ ಎಳೆದೆ. ಸದ್ದೇ ಇಲ್ಲ.

ಅಣ್ಣನ ಕಲ್ಲು!

ಮುಖ ಕದಲಿಸಲಿಲ್ಲ. ನಿಧಾನವಾಗಿ ಮಸೆದೆ. ಆ ಕಡೆ, ಈ ಕಡೆ, ಭಾರ ಹಾಕದೆ, ಅಣ್ಣ ಮಸೆಯುತ್ತಿದ್ದ ಹಾಗೆ. ಕತ್ತಿಗೆ ಬೇಕಾದ ಹರಿತ ಬಂದ ಮೇಲೆ ಮುಖ ಕಿವುಚಿದೆ.

"ಥೂ. ಸೋಪಿನ ಥರ ಜಾರುತ್ತೆ. ಕಬ್ಬಿಣ ಕಚ್ಚೋದೇ ಇಲ್ಲ. ಇದೂ ನಕಲಿ."

ಮೂರನೆಯದರ ಮೇಲೆ ಕತ್ತಿ ಇಟ್ಟೆ. ಇಟ್ಟ ಹಾಗೆ ಮಾಡಿದೆ ಅನ್ನಿ. ಕತ್ತಿಯ ಬೆನ್ನು ಮಾತ್ರ ಕಲ್ಲಿಗೆ, ಹರಿತದ ಕಡೆ ಕೂದಲೆಳೆಯಷ್ಟು ಮೇಲಕ್ಕೆ. ಬೆನ್ನು ಕರಕರ ಅಂದಿತು.

"ಕೇಳಿಸ್ತಾ? ಹೇಗೆ ಕಚ್ಚುತ್ತೆ ನೋಡಿ. ಇದೇ ಅಸಲಿ."

ಚರ್ಮದ ಪಟ್ಟಿಗೆ ಉಜ್ಜಿ ಕತ್ತಿಯನ್ನು ಗೂಳಿಯ ಕೈಗೆ ಕೊಟ್ಟೆ. ನಾನೇ ಕತ್ತು ಹಿಂದಕ್ಕೆ ಚಾಚಿದೆ.

"ಎಳಿ."

ಎಳೆದ. ಬೆಣ್ಣೆ ಸವರಿದ ಹಾಗೆ ಹೋಯಿತು. ಒಂದು ಹನಿ ರಕ್ತ ಬರಲಿಲ್ಲ.

ಅತ್ತರು ಖುಷಿಯಾಗಿ ಮೂರನೆಯದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿದ. ಎರಡನೆಯದನ್ನು ನನ್ನ ತೊಡೆ ಮೇಲೆ ಎಸೆದ.

"ಬರಿಗೈಲಿ ಹೋಗಬೇಡ. ಅತ್ತಿಗೆಗೆ ಕೊಡು. ಅವರ ಹತ್ರ ಒಂದಿದೆಯಲ್ಲ, ಜೋಡಿ ಆಗುತ್ತೆ."

ಅವನ ಚಾಳಿಯೇ ಅದು. ಗೆದ್ದರೆ ಸಾಲದು, ಹಂಗಿಸಲೂ ಬೇಕು.

"ನಿಮ್ಮ ಭಿಕ್ಷೆ ಯಾರಿಗೆ ಬೇಕು?" ಕಲ್ಲನ್ನು ಮೇಜಿನ ಮೇಲೆ ವಾಪಸ್ ಇಟ್ಟೆ. ಹಾಗೆ ಇಡುವಾಗ ಜೀವ ಬಾಯಿಗೆ ಬಂದಿತ್ತು.

ಅವನು ರೇಗಿದ. ಕಲ್ಲನ್ನು ನನ್ನ ಅಂಗಿಯೊಳಗೆ ತುರುಕಿ, ಕಾಲಿನ ಕಟ್ಟು ಬಿಚ್ಚಿಸಿ, ಗೂಳಿಯ ಕೈಲಿ ಹೊರಗೆ ನೂಕಿಸಿದ. ಅಷ್ಟು ಸಂತೋಷದಿಂದ ನಾನು ಯಾವತ್ತೂ ನೂಕಿಸಿಕೊಂಡಿಲ್ಲ.

ಗೇಟಿನಲ್ಲಿ ಡಾಕ್ಟರ ಕಾರು ಒಳಗೆ ಬರುತ್ತಿತ್ತು. ನಮಸ್ಕಾರ ಹಾಕಿದೆ. ತಿರುವಿನ ತನಕ ನಡೆದೆ. ಆಮೇಲೆ ಬಿದ್ದಂಬೀಳ ಓಡಿದೆ!

ಕಲ್ಲು ನಕಲಿ ಅಂತ ತಿಳಿಯಲು ಡಾಕ್ಟರಿಗೆ ಒಂದು ಲೋಟ ನೀರು ಸಾಕಾಗಿರಬೇಕು. ಹಿಂದೆ ಬೈಕಿನ ಆರ್ಭಟ ಕೇಳಿಸಿತು. ಗ್ಯಾರೇಜಿನೊಳಗೆ ನುಗ್ಗಿದೆ. ಜಾಕ್ ಮೇಲೆ ನಿಂತ ಕಾರಿನಡಿ ಉರುಳಿ ಹಿಂದಿನ ಓಣಿಗೆ ಬಿದ್ದೆ. ಮೊಣಕೈ ಚರ್ಮ ಕಿತ್ತುಹೋಯಿತು. ಎದೆಗೆ ಅವಚಿಕೊಂಡ ಕಲ್ಲಿಗೆ ಒಂದು ಗೀರು ಬೀಳಲು ಬಿಡಲಿಲ್ಲ.

ಸಲೂನಿಗೆ ನುಗ್ಗಿದೆ. ಬೆಂಚಿನ ಮೇಲೆ ಅತ್ತಿಗೆಯ ಕೈಬಿಡದ ನಾಲ್ಕಾರು ಹಳೇ ಗಿರಾಕಿಗಳಿದ್ದರು. ಕಲ್ಲನ್ನು ಅತ್ತಿಗೆಗೆ ಕೊಟ್ಟೆ. ಹೆಬ್ಬೆರಳಿಂದ ಒಂದು ಸಲ ಸವರಿದರು. ಆಗ ಅವರ ಕಣ್ಣು ತುಂಬಿತು.

"ಸಿಕ್ತೇನೋ?"

"ಸಿಕ್ತು ಅತ್ತಿಗೆ. ಹಿಂದೇನೇ ಪೀಡೆನೂ ಬರ್ತಿದೆ."

ಬಾಗಿಲಲ್ಲಿ ಗೂಳಿ ನಿಂತ. ಅವನನ್ನು ತಳ್ಳಿಕೊಂಡು ಅತ್ತರು ಒಳಗೆ ಬಂದ.

"ಆ ಕಲ್ಲು ಕೊಡಿ. ಅದು ನನ್ನದು."

ನಾನು ಮುಂದೆ ನುಗ್ಗಿದೆ. ಅತ್ತಿಗೆ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು.

"ನೀನು ಸುಮ್ನಿರು. ಇದು ನನ್ನ ಅಂಗಡಿ."

ಗೂಡಿನಿಂದ ನಕಲಿ ಕಲ್ಲನ್ನೂ ತೆಗೆದರು. ಎರಡನ್ನೂ ತೊಳೆದು ಒರೆಸಿ ಕನ್ನಡಿಯ ಮುಂದೆ ಇಟ್ಟರು. ಎಡಗಡೆಯದು ಅಣ್ಣನದು. ನನಗೂ ಅವರಿಗೂ ಮಾತ್ರ ಗೊತ್ತು.

"ನನ್ನ ಕಲ್ಲು ವಾಪಸ್ ಕೊಟ್ಟೆ ಅಂತ ಇವರೆಲ್ಲರ ಮುಂದೆ ಹೇಳಿದ್ರಿ," ಅಂದರು. "ಹಾಗಾದ್ರೆ ಒಂದು ನನ್ನದು, ಒಂದು ನಿಮ್ಮದು. ನಿಮ್ಮದನ್ನ ನೀವೇ ಆರಿಸ್ಕೊಳ್ಳಿ. ಆರಿಸಿದ ಕಲ್ಲಲ್ಲಿ ಕತ್ತಿ ಮಸೀತೀನಿ. ನಿಮ್ಮ ಗಡ್ಡಕ್ಕೇ ಹಿಡೀತೀನಿ. ಆಮೇಲೆ ತಗೊಂಡು ಹೋಗಿ."

"ಈ ನಾಟಕ ಎಲ್ಲ ಯಾಕೆ?"

ಬೆಂಚಿನ ಮೇಲಿದ್ದ ಗಿರಾಕಿಗಳಲ್ಲಿ ಒಬ್ಬ ದರ್ಜಿ ಕೇಳಿದ. "ಯಾಕೆ ಸ್ವಾಮಿ, ನಿಮ್ಮ ಮಾಲು ನಿಮಗೇ ಗುರುತು ಸಿಗಲ್ವಾ?"

ಅತ್ತರಿನ ಹಣೆಯಲ್ಲಿ ಬೆವರು ಮೂಡಿತು. ಗೂಳಿ ಮೆಲ್ಲಗೆ ಅಂದ, "ಧಣಿ, ಎಡಗಡೇದು ಅನ್ಸುತ್ತೆ..."

"ಬಾಯಿ ಮುಚ್ಚೋ. ನಿನ್ನಿಂದಲೇ ಎಲ್ಲ ಹಾಳಾಗಿದ್ದು."

ಬಲಗಡೆಯದಕ್ಕೆ ಬೆರಳಿಟ್ಟ. ಬೀಗುತ್ತಾ ಕುರ್ಚಿಯಲ್ಲಿ ಕೂತ.

ಅತ್ತಿಗೆ ಬಟ್ಟೆ ಹೊದಿಸಿದರು. ನೊರೆ ಹಚ್ಚಿದರು. ಬಲಗಡೆಯ ಕಲ್ಲಿನ ಮೇಲೆ ಅವಸರವಿಲ್ಲದೆ ಕತ್ತಿ ಮಸೆದರು. ಮೊದಲ ಎಳೆತಕ್ಕೇ ಅತ್ತರಿನ ಎರಡೂ ಕಾಲು ಮೇಲೆದ್ದವು. ಎರಡನೆಯದಕ್ಕೆ ಕಣ್ಣಿಂದ ನೀರು ಇಳಿಯಿತು.

ಅತ್ತಿಗೆ ಕತ್ತಿಯನ್ನು ಅವನ ಗಂಟಲ ಮೇಲೇ ನಿಲ್ಲಿಸಿದರು. ಬೆಂಚಿನವರಿಗೆಲ್ಲ ಕೇಳುವ ಹಾಗೆ ಕೇಳಿದರು.

"ಈಗ ಹೇಳಿ. ಕೆಟ್ಟಿರೋದು ಕಲ್ಲಾ, ನನ್ನ ಕೈಯಾ?"