ಪಕ್ಕದ ಮನೆಯ ದನಿ ನಿಂತಾಗ

"ನನ್ನ ದನಿ ನಿಮಗೆ ಅಷ್ಟು ಹಿಂಸೆ ಕೊಡ್ತಿತ್ತಾ?"

ಲಿಫ್ಟ್ ಮುಂದೆ ನಿಂತಿದ್ದ ಅಪೂರ್ವ ತಿರುಗಿ ನೋಡಿದಳು. ಪಕ್ಕದ ಮನೆಯ ತವಾಂಡ. ಒಂದು ವರ್ಷದಿಂದ ಒಂದೇ ಗೋಡೆಯ ಆಚೀಚೆ ಬದುಕಿದ್ದರೂ ಅವರು ಎದುರೆದುರು ನಿಂತು ಮಾತಾಡಿದ್ದು ಇದೇ ಮೊದಲು. ಮಾಸ್ಕ್ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು... ಕೆಂಪಾದ, ನಿದ್ದೆಗೆಟ್ಟ ಕಣ್ಣುಗಳು.

"ಏನು ಹೇಳ್ತಿದ್ದೀರಿ?" ಅವಳ ಇಂಗ್ಲಿಷ್ ತಡವರಿಸಿತು.

"ಮ್ಯಾನೇಜ್‌ಮೆಂಟ್ ಆಫೀಸಿನ ಮುರಾತಾ ಸಾನ್ ಬಂದಿದ್ರು. ಬಗ್ಗಿ ಬಗ್ಗಿ ಕ್ಷಮೆ ಕೇಳಿ, ನನ್ನ ಮಾತಿನಿಂದ ಪಕ್ಕದವರಿಗೆ ತೊಂದರೆ ಆಗ್ತಿದೆ ಅಂದ್ರು. ನನ್ನದು ಕೊನೆಯ ಮನೆ. ಪಕ್ಕದವರು ಅಂತ ಇರೋದು ನೀವೊಬ್ಬರೇ."

"ನಾನು ಆಫೀಸಿಗೆ ಹೋಗಿದ್ದು ನಿಜ, ಆದರೆ..."

"ಪರವಾಗಿಲ್ಲ. ಶೋ ನಿಲ್ಲಿಸ್ತೀನಿ ಅಂತ ಸಂಜೆ ಚಾನೆಲ್‌ಗೆ ಹೇಳ್ತೀನಿ. ನೀವು ನೆಮ್ಮದಿಯಾಗಿರಿ."

ಲಿಫ್ಟ್ ಬಂತು. ಅವನು ಹತ್ತಲಿಲ್ಲ. ಮೆಟ್ಟಿಲಿಳಿದು ಹೋದ.

ಅಪೂರ್ವ ಮೈಸೂರಿನವಳು. ಟೋಕಿಯೋದ ಶಿನಾಗಾವಾದಲ್ಲಿರುವ ಆಫೀಸಿಗೆಂದು ಕಂಪನಿ ಕಳಿಸಿತ್ತು. ಬಂದ ಕೆಲವೇ ವಾರಗಳಲ್ಲಿ ಕೊರೊನಾದಿಂದ ಆಫೀಸು ಮುಚ್ಚಿ, ಗ್ಯೋಟೋಕುವಿನ ಈ ಒಂಟಿ ಕೋಣೆಯೇ ಅವಳ ಜಪಾನ್ ಆಗಿಹೋಯಿತು. ಕ್ಯಾಮೆರಾ ಆಫ್ ಮಾಡಿದ ಮೀಟಿಂಗುಗಳು, ಕೊಂಬಿನಿ ಅಂಗಡಿಯ ಕೌಂಟರಿನಲ್ಲಿ ಥ್ಯಾಂಕ್ಸ್ ಎನ್ನಲು ಒಂದು ಅರಿಗಾತೋ. ದಿನದ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಸಂಜೆಯಾದರೆ ಮಾತ್ರ ಗೋಡೆಯಾಚೆಯಿಂದ ಆ ದನಿ.

ಅಂಚೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿ, ಇಂಟರ್ನೆಟ್‌ನಲ್ಲಿ ಹುಡುಕಿ, ಅವನು ಯಾರೆಂದು ತಿಳಿದುಕೊಂಡಿದ್ದಳು. ಜಿಂಬಾಬ್ವೆಯ ಟಿವಿಯಲ್ಲಿ ಶೋನಾ ಭಾಷೆಯ ಟಾಕ್ ಶೋ ನಡೆಸುವವನು. ಅತ್ತೆ ಸೊಸೆಯ ಜಗಳ, ಮುರಿದ ಮದುವೆ, ಯಾರ ಯಾವ ಕಷ್ಟವಾದರೂ ಕೇಳಿ, ಅತ್ತವರನ್ನು ನಗಿಸಿ ಕಳಿಸುವವನು. ಒಂದು ವರ್ಷದ ಓದಿಗೆಂದು ಟೋಕಿಯೋಗೆ ಬಂದವನು ಇಲ್ಲೇ ಸಿಕ್ಕಿಕೊಂಡ. ಹರಾರೆಯ ಮಧ್ಯಾಹ್ನದ ಕಾರ್ಯಕ್ರಮ ಈಗ ಗ್ಯೋಟೋಕುವಿನ ಸಂಜೆಯಲ್ಲಿ, ಒಂದು ಲ್ಯಾಪ್‌ಟಾಪ್ ಮುಂದೆ ನಡೆಯುತ್ತಿತ್ತು.

ಅವಳಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅವನು ನಕ್ಕಾಗ ಇವಳೂ ನಗುತ್ತಿದ್ದಳು, ಅಷ್ಟೆ.

ಕಳೆದ ವಾರ ಆ ದನಿ ನಿಂತುಹೋಯಿತು. ಒಂದು ಸಂಜೆ, ಇನ್ನೊಂದು ಸಂಜೆ... ಬಾಗಿಲು ತೆರೆದ ಸದ್ದೂ ಇಲ್ಲ. ಜ್ವರ ಬಂದು ಒಳಗೇ ಬಿದ್ದಿದ್ದಾನಾ? ಬಾಗಿಲು ತಟ್ಟಲು ಧೈರ್ಯ ಸಾಲದೆ ಅವಳು ಮುರಾತಾ ಸಾನ್ ಬಳಿ ಹೋಗಿದ್ದಳು.

ಈಗ ಮನೆಗೆ ಬಂದವಳೇ ಕಾತ್ಯಾಯಿನಿಗೆ ಫೋನ್ ಮಾಡಿದಳು. ಜಪಾನಿನಲ್ಲಿ ಬಹಳ ವರ್ಷ ಕಳೆದ ಸಹೋದ್ಯೋಗಿ ಆಕೆ.

"ಮುರಾತಾ ಸಾನ್‌ಗೆ ಏನಂದೆ? ಎಕ್ಸಾಕ್ಟ್ಲಿ ಹೇಳು."

"ಸುಮಿಮಾಸೆನ್, ಕ್ಷಮಿಸಿ, ಪಕ್ಕದ ಮನೆಯವರ ದನಿ ದಿನಾ ನಮ್ಮನೆಗೆ ಕೇಳ್ಸುತ್ತೆ ಅಂದೆ. ಈಗ ಕೇಳ್ತಿಲ್ಲ, ಹುಷಾರಾಗಿದಾರಾ ಅನ್ನೋಷ್ಟರಲ್ಲಿ ಅವರು ಅರ್ಥ ಆಯ್ತು ಅಂತ ಬಗ್ಗೋಕೆ ಶುರು ಮಾಡಿದ್ರು ಅಕ್ಕಾ."

"ಪೆದ್ದಿ. ಸದ್ದು ಜಾಸ್ತಿ ಅಂತ ಇಲ್ಲಿ ಯಾರೂ ಬಾಯ್ಬಿಟ್ಟು ಹೇಳಲ್ಲ ಕಣೆ. ಪಕ್ಕದ ಮನೆ ದನಿ ಕೇಳ್ಸುತ್ತೆ ಅಂದ್ರೆ ಅದೇ ಕಂಪ್ಲೇಂಟ್. ಪೂರ್ತಿ ಹೇಳೋ ಮುಜುಗರ ನಿಂಗೆ ಬೇಡ ಅಂತ ಅವರೇ ಅರ್ಥ ಮಾಡ್ಕೊಂಡ್ರು."

"ಈಗ ಏನ್ಮಾಡ್ಲಿ? ನನ್ನಿಂದ ಶೋ ನಿಲ್ಲಿಸ್ತಿದಾರೆ."

"ಮತ್ತೆ ಆಫೀಸಿಗಂತೂ ಹೋಗ್ಬೇಡ, ಈ ಸಲ ಮನೇನೇ ಖಾಲಿ ಮಾಡಿಸ್ತಾರೆ. ಗೋಡೆ ಜೊತೆ ಲವ್ ಮಾಡಿದ್ದು ಸಾಕು. ಬಾಗಿಲು ತಟ್ಟು."

ಅವನು ಹಿಂತಿರುಗಿದ ಸದ್ದು ಕೇಳಿದೊಡನೆ ಅವಳು ಹೋಗಿ ತಟ್ಟಿದಳು.

ಬಾಗಿಲು ಅರ್ಧ ತೆರೆಯಿತು.

"ನಾನು ಕಂಪ್ಲೇಂಟ್ ಕೊಡೋಕೆ ಹೋಗಿರ್ಲಿಲ್ಲ," ಎಂದಳು ಒಂದೇ ಉಸಿರಿಗೆ. "ನಿಮ್ಮ ದನಿ ಕೇಳಿಸ್ತಿಲ್ಲ ಅಂತ ಹೋಗಿದ್ದೆ. ಭಯ ಆಗಿತ್ತು ನಂಗೆ. ಅವರು ತಪ್ಪು ತಿಳ್ಕೊಂಡ್ರು."

ತವಾಂಡ ಬಾಗಿಲನ್ನು ಪೂರ್ತಿ ತೆರೆದ.

"ಹೋದ ವಾರ ಅಮ್ಮ ಹೋಗ್ಬಿಟ್ರು," ಎಂದ. "ಊರಿಗೆ ಹೋಗೋಕೆ ವಿಮಾನ ಇಲ್ಲ. ರೇಡಿಯೋದಲ್ಲಿ ಸಾವಿನ ಸುದ್ದಿ ಓದೋದೇ ನನ್ನ ಮೊದಲ ಕೆಲಸ ಆಗಿತ್ತು. ಅಮ್ಮನ ಸುದ್ದಿ ಮಾತ್ರ ಬೇರೆ ಯಾರೋ ಓದಿದ್ರು."

ಅವನ ದನಿ ತಗ್ಗಿತು.

"ನಮ್ಮಲ್ಲಿ ಸಾವಾದ ಮನೆಗೆ ಜನ ಬಂದು, ಕೈ ಹಿಡಿದು, ನೆಲದ ಮೇಲೆ ಸುಮ್ಮನೆ ಕೂತ್ಕೋತಾರೆ. ಇಲ್ಲಿ ಬಂದವರು ಮುರಾತಾ ಸಾನ್ ಒಬ್ಬರೇ."

ಮೈಸೂರಿನಲ್ಲಿ ಯಾರಾದರೂ ತೀರಿಕೊಂಡರೆ ಅಮ್ಮ 'ಬಾ, ಮಾತಾಡಿಸ್ಕೊಂಡು ಬರೋಣ' ಎಂದು ಅವಳನ್ನು ಕರೆದೊಯ್ಯುತ್ತಿದ್ದಳು. ಹೋದ ಮೇಲೆ ಅಲ್ಲಿ ಮಾತೇ ಇರುತ್ತಿರಲಿಲ್ಲ.

ಅಪೂರ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಗೋಡೆಗೊರಗಿ ನೆಲದ ಮೇಲೆ ಕೂತಳು. ಅವನು ಕಿಟಕಿ ತೆರೆದು, ಎದುರಿನ ಗೋಡೆಗೆ ಒರಗಿ ಕೂತ. ದೂರದಲ್ಲಿ ಒಂದು ರೈಲು ಹೋಯಿತು. ಮತ್ತೊಂದು ಹೋಯಿತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಮೌನ ಅವಳಿಗೆ ಭಾರವೆನಿಸಲಿಲ್ಲ.

ಬೆಳಕು ಇಳಿಯುತ್ತಿದ್ದಾಗ ಅವನೇ ಮಾತಾಡಿದ.

"ನಿಮ್ಮ ಕುಕ್ಕರ್ ಕೂಗೋದು ನನ್ನ ಶೋನಲ್ಲಿ ಕೇಳಿಸುತ್ತೆ, ಗೊತ್ತಾ?"

"ಅಯ್ಯೋ... ಸಾರಿ."

"ಮೊದಲ ದಿನ ಜನ ಅದೇನು ರೈಲಾ ಅಂದ್ರು. ಅಲ್ಲ, ಪಕ್ಕದ ಮನೆ ಹುಡುಗಿ ನನ್ನ ಊಟಕ್ಕೆ ಕರೀತಿದಾಳೆ ಅಂದೆ. ಆಮೇಲೆ ದಿನಾ ಅದೇ ಪ್ರಶ್ನೆ. ಹೋದೆಯಾ, ಊಟ ಹೇಗಿತ್ತು? ಚೆನ್ನಾಗಿತ್ತು ಅಂತ ದಿನಾ ಸುಳ್ಳು ಹೇಳಿದೆ."

ಅಂದರೆ ನಾನು ಗೋಡೆಯ ಆಚೆ ಕೂತು ನಕ್ಕಿದ್ದು ನನ್ನದೇ ಕಥೆಗೆ...

"ಅಮ್ಮನೂ ನೋಡ್ತಿದ್ರು," ಎಂದ ಅವನು. "ಸುಳ್ಳು ಅಂತ ಅವರಿಗೆ ಮಾತ್ರ ಗೊತ್ತಾಗಿತ್ತು. ಮೊದಲು ಹೋಗಿ ಆ ಹುಡುಗೀನ ಮಾತಾಡಿಸೋ, ಹೇಡಿ ಅಂತ ಬೈದಿದ್ರು."

ಅವಳ ಕಣ್ಣು ತುಂಬಿ ಬಂತು.

ಫೋನ್ ರಿಂಗಾಯಿತು. ಹರಾರೆಯ ಚಾನೆಲ್. ಅವನು ಎತ್ತಲಿಲ್ಲ, ಅವಳನ್ನೇ ನೋಡಿದ.

"ಏನು ಹೇಳ್ಲಿ?"

"ನಿಲ್ಲಿಸ್ಬೇಡಿ. ನಿಮ್ಮ ದನಿ ಇಲ್ದೆ ನಂಗೆ ಆ ಮನೇಲಿ ಇರೋಕಾಗಲ್ಲ."

ಆಡಿದ ಮೇಲೆ ಅದೆಷ್ಟು ದೊಡ್ಡ ಮಾತೆಂದು ಅವಳಿಗೇ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಫೋನ್ ಎತ್ತಿ ಶೋನಾದಲ್ಲಿ ನಾಲ್ಕು ಮಾತಾಡಿದ. ದನಿ ನಡುಗುತ್ತಿತ್ತು, ಆದರೆ ಅದೇ ದನಿ.

"ಏನಂದ್ರಿ?"

"ಸೋಮವಾರದಿಂದ ಬರ್ತೀನಿ ಅಂದೆ."

ಅವಳು ಎದ್ದು ಕಣ್ಣೊರೆಸಿಕೊಂಡಳು. "ಅನ್ನ, ಸಾರು ಮಾಡ್ತೀನಿ. ಊಟಕ್ಕೆ ಬರ್ತೀರಾ?"

"ಒಂದು ವರ್ಷದಿಂದ ಕರೀತಿದ್ದೀರಿ," ಎಂದ ತವಾಂಡ. "ಬರ್ತೀನಿ."