ಟಗರು ಹತ್ತಿದ ಕಮಾನು

1988ರ ಫೆಬ್ರವರಿ 9, ಬೆಳಿಗ್ಗೆ ಹತ್ತು ಗಂಟೆ. ರಾಯಬಾಗ ತಾಲೂಕಿನ ಒಂದು ಠಾಣೆಗೆ ಎಂಜಿನಿಯರ್ ರಾವಸಾಹೇಬ ಏದುಸಿರು ಬಿಡುತ್ತ ಬಂದರು.

"ನನ್ನ ಪೂಲ ಕಳುವಾಗೈತ್ರಿ!"

ಸಬ್‌ಇನ್‌ಸ್ಪೆಕ್ಟರ್ ಮುರಗೆಪ್ಪ ತಲೆಯೆತ್ತಿದರು. "ಇನ್ನೂ ಕಟ್ಟೇ ಇಲ್ಲಲ್ರಿ?"

"ಮಾದರಿ, ಸಾಹೇಬ್ರ!"

ಊರಾಚೆಯ ಕೊಳ್ಳದಲ್ಲಿ ಹೊಳೆಗೆ ಕಟ್ಟಲಿರುವ ಸೇತುವೆಯ ಮಾದರಿ ಅದು. ಸಾಗವಾನಿಯ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ನಾಲ್ಕಡಿ ಕಮಾನು. ಬಾಗು ತೀರ ಕಡಿಮೆ. ಇಷ್ಟು ಚಪ್ಪಟೆ ಕಮಾನು ನಿಂತ ಹಾಗೆಯೇ ಎಂದು ಊರೆಲ್ಲ ನಗುತ್ತಿತ್ತು. ಎಫ್‌ಐಆರ್ ದಾಖಲಾಯಿತು.

ಶೆಡ್ಡಿನ ಪಂಚನಾಮೆಯಲ್ಲಿ ಸಿಕ್ಕಿದ್ದು ಕುರಿಹಿಕ್ಕೆ ಮಾತ್ರ. ಕಾನ್‌ಸ್ಟೇಬಲ್ ಸಿದರಾಯ ಅದನ್ನೂ ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಒತ್ತಿದ. ಹಿಕ್ಕೆಯ ಜಾಡು ಹಿಡಿದು ಹೋದರೆ ಮಲಕವ್ವನ ಕುರಿಹಟ್ಟಿ. ಪಕ್ಕದ ಕಾಲುವೆಯ ಕೆಸರಿನಲ್ಲಿ ಕಮಾನು ಕಾಲು ಚಾಚಿ ಮಲಗಿತ್ತು. ಹತ್ತಿರವೇ ಮೈಯೆಲ್ಲ ರಾಡಿಯಾದ ಟಗರು.

"ಕದ್ದಾಕಿ ಯಾರು?" ಮುರಗೆಪ್ಪ ಕೇಳಿದರು.

"ನಾನ ರಿ," ಎಂದಳು ಮಲಕವ್ವ. "ಟಗರ ಹತ್ತಿಸಿ ನೋಡಿದೆ. ಬಿತ್ತು."

"ಯಾಕ ಹತ್ತಿಸಿದಿ?"

"ಗಡಿಗೀನೂ ಬಾರಿಸಿ ನೋಡೇ ತಗೊಂತೀವ್ರಿ. ಶುಕ್ರವಾರ ಮಗಳು ಮಂಗಲಾನ ಸಾಕರಪುಡಾ. ಸಕ್ಕರಿ ಹಂಚಿದ್ರ ಲಗ್ನ ಗಟ್ಟಿ, ಮಾತು ಮುಗೀತು. ಗಂಡು ಹೊಳಿ ಆಚಿ ದಂಡ್ಯಾಂವ. ಪೂಲ ಆಗತೈತಿ ಅಂತ ಒಪ್ಪಿದ್ದೆ. ಈಗ ಒಲ್ಲೆ ಅಂತ ಹೇಳಿ ಕಳಸ್ತೀನಿ."

ರಾವಸಾಹೇಬರು ಕಳವನ್ನೇ ಮರೆತು ಕೆರಳಿದರು. "ಕೆಸರಾಗ ಇಟ್ರ ಬೀಳದ ಏನ್ ಮಾಡತೈತೆವ್ವಾ? ಇದು ಎರಡೂ ದಂಡಿ ಒದ್ದು ನಿಲ್ಲೂ ಕಮಾನು. ಕೊಳ್ಳದಾಗ ಎರಡೂ ಕಡೆ ಬಂಡೆಗಲ್ಲ ಐತಿ!"

"ತೋರಸ್ರಿ ಹಂಗಾದ್ರ."

ಮುರಗೆಪ್ಪ ಮತ್ತು ಸಿದರಾಯ ಹಟ್ಟಿಯ ಎದುರುಬದುರು ಗೋಡೆಗಳಿಗೆ ಬೆನ್ನು ಕೊಟ್ಟು ಕುಳಿತು, ಕಮಾನಿನ ಎರಡು ತುದಿಗಳನ್ನು ಬೂಟಿನಿಂದ ಒತ್ತಿ ಹಿಡಿದರು. ಮಲಕವ್ವ ಟಗರನ್ನು ಹತ್ತಿಸಿದಳು.

"ಸಾಹೇಬ್ರ, ಬೂಟ ಜಾರಾಕತ್ತಾವ್ರಿ!"

"ಸಿದರಾಯ, ನೀ ಈಗ ಬಂಡೆಗಲ್ಲ. ಅಲುಗ್ಯಾಡಬ್ಯಾಡ!"

ಕಮಾನು ಕಿರ್ರೆಂದಿತು, ಆದರೆ ಬೀಳಲಿಲ್ಲ. ಟಗರು ಮೇಲೆಯೇ ನಿಂತು ಹಿಕ್ಕೆ ಹಾಕಿತು. ಅದನ್ನು ಪಂಚನಾಮೆಗೆ ಸೇರಿಸಲಿಲ್ಲ.

ಮಲಕವ್ವ ನೋಡುತ್ತ ನೋಡುತ್ತ ಅತ್ತೇಬಿಟ್ಟಳು. "ನಾನೂ ಆಚಿ ದಂಡ್ಯಾಕೀನ ರಿ. ನಮ್ಮವ್ವ ಸತ್ತಾಗ ಹೊಳಿ ತುಂಬಿ ಬಂದಿತ್ತು. ಈ ದಂಡ್ಯಾಗ ನಿಂತ ಅತ್ತೆ, ಮಾರಿ ನೋಡಾಕ ಸಿಗಲಿಲ್ಲ. ನಾ ಸತ್ತರ ಮಂಗಲಾ ಬರಬೇಕಲ್ರಿ?"

ರಾವಸಾಹೇಬರು ಟಗರನ್ನು ಮೆಲ್ಲಗೆ ಕೆಳಗಿಳಿಸಿದರು.

ಸಂಜೆ ನಾಲ್ಕಕ್ಕೆ ಆರೋಪಿಯ ದಸ್ತಗಿರಿಯಾಯಿತು. ಜಾಮೀನಿಗೆ ಸಹಿ ಹಾಕಿದವರು ದೂರುದಾರರೇ.

ಶುಕ್ರವಾರ ಮಲಕವ್ವ ಠಾಣೆಗೆ ಬಂದು ಎಲ್ಲರ ಕೈಗೂ ಒಂದೊಂದು ಹಿಡಿ ಸಕ್ಕರೆ ಹಾಕಿದಳು. ಸಿದರಾಯನಿಗೆ ಮಾತ್ರ ಎರಡು.

"ಬಂಡೆಗಲ್ಲಿಗೆ ಒಂದು ಹಿಡಿ ಜಾಸ್ತಿ ಇರ್ಲಿ," ಎಂದಳು.