ಅರ್ಧ ಗೋಪುರ

ತಿಥಿ ಮುಗಿದ ಮರುದಿನ ಬೆಳಿಗ್ಗೆ ರಾಯದುರ್ಗದ ಆ ಓಣಿಯಲ್ಲಿ ಹೊಲಿಗೆ ಯಂತ್ರಗಳು ಮತ್ತೆ ಸದ್ದು ಮಾಡತೊಡಗಿದವು. ಹನ್ನೊಂದು ದಿನ ತೀರಿಹೋದ ಕಟಿಂಗ್ ಮಾಸ್ಟರ್ ಯುವರಾಜನಿಗಾಗಿ ಸುಮ್ಮನಿದ್ದವು. ಅತ್ತೆ ಗಂಗಕ್ಕ ಒಗ್ಗರಣೆ ಮಂಡಕ್ಕಿ ತಂದಿಟ್ಟರು. ತಟ್ಟೆ ಖಾಲಿ ಮಾಡಿದ ಮೇಲೆ ಅವನ ಹೆಂಡತಿ ಭುವನಾಳಿಗೆ ಅದು ರುಚಿಯಾಗಿತ್ತು ಅನ್ನಿಸಿತು. ನಾಚಿಕೆಯಾಯಿತು.

“ಇನ್ನೊಂದೀಟು ಹಾಕ್ಲೇನವ್ವ?”

“ಸಾಕ್ರಿ ಅತ್ತಿ.”

ಕೈಗೊಂದು ಕೆಲಸ ಬೇಕೆಂದು ಗಂಡನ ಕಟಿಂಗ್ ಟೇಬಲ್ ಒರೆಸಲು ಹೋದಳು. ಡ್ರಾಯರಿನಲ್ಲಿ, ಹಳೇ ಪೇಪರಿನಲ್ಲಿ ಸುತ್ತಿದ ಆ ಚಿತ್ರ ಇನ್ನೂ ಇತ್ತು.

ಅನಂತಪುರದ ಗಡಿಯಾರ ಗೋಪುರ. ಪೆನ್ಸಿಲ್ಲಿನಲ್ಲಿ, ಎಡಭಾಗ ಮಾತ್ರ. ಅರ್ಧ ಕಮಾನು, ಅರ್ಧ ಗಡಿಯಾರ, ಅಂಚಿಗೆ ನಾಲ್ಕು ಗೆರೆ. ಬಲಗಡೆ ಬರೀ ಬಿಳಿ ಕಾಗದ.

ಯುಗಾದಿಗೆ ಮುಂಚೆ ಶಾಲೆ ಯೂನಿಫಾರ್ಮಿನ ಅಳತೆಗೆಂದು ಮಡಕಶಿರಕ್ಕೆ ಹೋದ ಯುವರಾಜ, ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಚಂದ್ರಮೋಹನ್ ಬರೆದದ್ದನ್ನು ಅವರ ಮನೆಯ ಗೋಡೆಯಿಂದ ಕೇಳಿ ತಂದಿದ್ದ. ಅವತ್ತು ಭುವನಾಳ ಜೊತೆ ಎಂ.ಎ. ಓದಿದ ರಾಧಾ ಬಂದಿದ್ದಳು. ಯುವರಾಜ ಚಿತ್ರ ಬಿಚ್ಚಿ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಅವಳ ಹುಬ್ಬು ಏರಿದರೆ ಅವನದೂ ಏರುತ್ತಿತ್ತು.

“ಹೇಳ್ರಿ ಮೇಡಂ, ಹೆಂಗೈತಿ?” ಓದಿದವಳೆಂದು ಅವಳನ್ನು ಹಾಗೇ ಕರೆಯುತ್ತಿದ್ದ.

“ಮೇಷ್ಟ್ರ ಪೆನ್ಸಿಲ್ ಮುಗೀತೇನ್ರಿ?”

“ಅಲ್ಲ. ಬಟ್ಟಿ ಮಡಚಿ ಅರ್ಧ ಪ್ಯಾಟರ್ನ್ ಇಡ್ತೀವಲ್ಲ, ಹಂಗ. ಈ ಕಡೀದು ಕತ್ತರಿಸಿದ್ರ ಆ ಕಡೀದು ತಾನಾ ಬರ್ತತಿ. ನೋಡೋರು ಬಿಚ್ಕೋಬೇಕು.”

“ಕೇಳಿದ್ಯೇನೇ ರಾಧಾ? ನಮ್ಮ ಮನಿಯವರಿಗೆ ಗಡಿಯಾರದ ಗೋಪುರನೂ ಪ್ಯಾಂಟೇ!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯುವರಾಜನೂ ನಕ್ಕ, ಸ್ವಲ್ಪ ತಡವಾಗಿ. ಚಿತ್ರ ಸುತ್ತಿಟ್ಟ. ಮತ್ತೆ ಅದರ ಮಾತೆತ್ತಲಿಲ್ಲ. ಆಮೇಲೆ ಅವಳನ್ನು ಮೇಡಂ ಎಂದು ಕರೆಯಲೂ ಇಲ್ಲ.

ಈಗ ಅವಳು ಅದನ್ನು ಟೇಬಲ್ ಮೇಲೆ ಹರಡಿದಳು. ಎದುರಿನ ಮೊಳೆಯಲ್ಲಿ ಅವನ ಖಾಕಿ ಕಾಗದದ ಪ್ಯಾಟರ್ನುಗಳು ತೂಗುತ್ತಿದ್ದವು. ಒಂದೊಂದೂ ಅರ್ಧ. ಮೂರು ವರ್ಷ ದಿನವೂ ಅವುಗಳ ಮುಂದೆ ಓಡಾಡಿದ್ದಳು. ಮತ್ತೆ ಚಿತ್ರ ನೋಡಿದಳು. ಒಂದು ಗೆರೆಯೂ ಹೆಚ್ಚಿಲ್ಲ. ಕಮಾನು ನಿಂತಲ್ಲಿಂದ ಕಣ್ಣು ತಾನೇ ಮುಂದೆ ಹೋಯಿತು. ಬಿಳಿ ಕಾಗದದ ಮೇಲೆ ಉಳಿದರ್ಧ ಗೋಪುರ ಎದ್ದು ನಿಂತಿತು, ಅದರ ಮೇಲೆ ಬಿಸಿಲೂ ಇತ್ತು.

ಎಷ್ಟು ಚೆಂದ ಐತ್ರಿ, ಎಂದು ಗಂಡನಿಗೆ ಹೇಳಲು ಹಿಂದಕ್ಕೆ ತಿರುಗಿದಳು. ಅಲ್ಲಿ ಅತ್ತೆ ನಿಂತಿದ್ದರು.

“ಹೋಗಿ ಮೇಷ್ಟ್ರಿಗೆ ಕೊಟ್ಟು ಬಾರವ್ವ,” ಎಂದರು ಗಂಗಕ್ಕ. “ಹೋದವನ ಹೆಸರಿನ ಮ್ಯಾಲೆ ಇನ್ನೊಬ್ಬರದು ಉಳೀಬಾರದು.”

ತಿಂಗಳು ಕಳೆದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿ ಮಡಕಶಿರದ ಬಸ್ ಹತ್ತಿದಳು. ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಗೋಡೆಯ ಮೇಲೆ ಮೊಳೆ ಹಾಗೇ ಇತ್ತು.

“ಬಾರಮ್ಮ, ಕೂತ್ಕೊ. ಇಪ್ಪತ್ತು ವರ್ಷದಿಂದ ಇಲ್ಲಿತ್ತು ಕಣಮ್ಮ ಅದು. ಬಂದೋರೆಲ್ಲ, ಯಾವಾಗ ಮುಗಿಸ್ತೀರಾ ಸಾರ್ ಅನ್ನೋರು. ನಿನ್ನೊಬ್ಬಳಿಗೇ ಗೊತ್ತಾಗಿದ್ದು.”

“ನನಗಾ?”

“ಯುವರಾಜ ಫೋನ್ ಮಾಡಿ ಹೇಳಿದ್ನಲ್ಲ. ‘ನಮ್ಮ ಮೇಡಂ ನೋಡಿದ್ರು ಸಾರ್. ಬಟ್ಟೆ ಮಡಚಿದಂಗೆ ಐತೆ, ನೋಡೋರು ಬಿಚ್ಕೋಬೇಕು ಅಂದ್ರು’ ಅಂತ. ಏನು ಹೆಮ್ಮೆ ಅವನಿಗೆ! ನೀನೇ ಇಟ್ಕಳಮ್ಮ ಇದನ್ನ.”

ಭುವನಾ ಚಿತ್ರ ನೋಡಿದಳು. ಹೌದೆಂದು ತಲೆಯಾಡಿಸಿದರೆ ಮುಗಿಯುತ್ತಿತ್ತು. ಚಿತ್ರ ಅವಳಿಗೆ ಬೇಕಿತ್ತು, ತುಂಬಾ ಬೇಕಿತ್ತು.

“ಆ ಮಾತು ನಂದಲ್ರಿ ಸಾರ್. ಅವರದು. ಅವರು ಹೇಳಿದಾಗ ನಾನು ನಕ್ಕೆ. ಗೆಳತಿ ಎದುರಿಗೆ, ಇವರಿಗೆ ಎಲ್ಲಾ ಪ್ಯಾಂಟೇ ಅಂತ ನಕ್ಕುಬಿಟ್ಟೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ಈಗ ಕಾಣ್ತದಾ?”

“ಕಾಣ್ತತ್ರಿ. ಪೂರ್ತಿ.”

ಎದ್ದು ಚಿತ್ರವನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

“ಇಸ್ಕೊಳ್ರಿ ಸಾರ್. ಗೋಡಿಗೆ ಹಾಕ್ರಿ. ಯಾರಾದ್ರೂ ಕೇಳಿದ್ರ, ರಾಯದುರ್ಗದ ಕಟಿಂಗ್ ಮಾಸ್ಟರ್ ಯುವರಾಜ ಹಿಂಗಂದಿದ್ದ ಅಂತ ಹೇಳ್ರಿ.”

ಮೇಷ್ಟ್ರು ಕೈಚಾಚುವವರೆಗೂ ಹಿಡಿದೇ ನಿಂತಿದ್ದಳು.